ಮಲೀಕಸಾಬನ ಕಾರ್ನೆಟ್ಟು, ಗಾಳೆಪ್ಪನ ಹಲಗೆ

ಇಳಕಲ್ಲಿನ ಮಲೀಕಸಾಬನ ಮುಂದಿನ ಮೂರು ಹಲ್ಲು ಉದುರಿಸಿದವನು ನಾನು, ಹುನಗುಂದದ ಈರಪ್ಪ. ಅವನ ಬಗ್ಗೆ ಮಂದಿ ಏನೇನೋ ಹೇಳುತ್ತಾರೆ. ಅವರಲ್ಲಿ ಒಬ್ಬರಿಗೂ ಅವನ ರಕ್ತ ಕೈಗೆ ಹತ್ತಿಲ್ಲ. ಅದಕ್ಕೇ ಅವನ ಕಥೆ ನಾನು ಹೇಳುತ್ತೇನೆ.

ಎಪ್ಪತ್ನಾಲ್ಕರಲ್ಲಿ ನಾವಿಬ್ಬರೂ ಅಂದಪ್ಪ ಮಾಸ್ತರರ ಮದುವೆ ಬ್ಯಾಂಡಿನಲ್ಲಿದ್ದೆವು. ನಾನು ಸೈಡ್ ಡ್ರಮ್ ಬಾರಿಸುತ್ತಿದ್ದೆ, ಅವನು ಹಿತ್ತಾಳೆಯ ಕಾರ್ನೆಟ್ ಊದುತ್ತಿದ್ದ. ಬಿಸಿಲಿನಲ್ಲೂ ಕೆಂಪು ಕೋಟು ತೊಡಬೇಕಿತ್ತು. ಮಾಸ್ತರರು ನಿಧಾನ ಎಂದರೆ ನಿಧಾನವೇ ನುಡಿಸಬೇಕು. ಮಲೀಕಸಾಬನಿಗೆ ಅದು ಮೈಮೇಲೆ ಇರುವೆ ಹರಿದ ಹಾಗೆ. ಬಾದಾಮಿಯ ಮದುವೆಯೊಂದರಲ್ಲಿ ಅವನು ಭಕ್ತಿಪದವನ್ನು ಎಂಥ ಓಟಕ್ಕೆ ಹಚ್ಚಿದನೆಂದರೆ ಬೀಗರ ಕಡೆಯ ಮುದುಕರೂ ಧೋತರ ಎತ್ತಿಕಟ್ಟಿ ಕುಣಿದರು. ಮಾಸ್ತರರು ಎಲ್ಲರೆದುರು ಅವನ ಕಪಾಳಕ್ಕೆ ಬಿಟ್ಟರು.

"ದೇವರ ಪದಕ್ಕ ಮಂದೀನ ಕುಣಸ್ತೀಯೇನಲೇ?"

ಮಲೀಕಸಾಬ ಕೋಟು ಬಿಚ್ಚಿ ಅವರ ಮುಖಕ್ಕೆ ಒಗೆದ. ಹಿತ್ತಾಳೆ ಗುಂಡಿ ತಾಗಿ ಮಾಸ್ತರರ ಹುಬ್ಬು ಒಡೆಯಿತು.

ಎಪ್ಪತ್ತೇಳರಲ್ಲಿ ಅವನು ಐದು ಜನರ ಸ್ವಂತ ಬ್ಯಾಂಡ್ ಕಟ್ಟಿದ. ಅದಕ್ಕೆ ಮಾಲೀಕರು ಯಾರೂ ಇರಲಿಲ್ಲ, ಅವರವರ ಅಂಗಿಯಲ್ಲೇ ನುಡಿಸುತ್ತಿದ್ದರು. ಮೊದಲ ಸಾಲಿನಲ್ಲಿ ಕಾರ್ನೆಟ್ಟಿನ ಮಗ್ಗುಲಿಗೇ ಊರ ಹೊರಗಿನ ಕೇರಿಯ ಗಾಳೆಪ್ಪ ಬಾರಿಸುವ ಚರ್ಮದ ಹಲಗೆ. ಹೆಣದ ಮುಂದೆ ಹಲಗೆ ಬೇಕು, ಡಂಗುರಕ್ಕೆ ಬೇಕು. ಆದರೆ ಮದುವೆಯಲ್ಲಿ ಅವನು ಬ್ಯಾಂಡಿನವರ ಭುಜಕ್ಕೆ ಭುಜ ಹಚ್ಚಿ ನಿಂತರೆ ಊರಿಗೆ ಮೈ ಉರಿಯುತ್ತಿತ್ತು. ಸುಳ್ಳೇಕೆ, ನನಗೂ ಉರಿಯಿತು. ಆದರೂ ಆ ಎರಡು ಕೂಡಿದಾಗ ಏಳುತ್ತಿದ್ದ ಸದ್ದಿಗೆ ನಿಂತವರ ಕಾಲು ನಿಲ್ಲುತ್ತಿರಲಿಲ್ಲ. ಹರೆಯದವರು ಒಬ್ಬರ ಮೇಲೊಬ್ಬರು ಬಿದ್ದು, ಮೊಣಕೈಯಿಂದ ತಿವಿದು, ಅಂಗಿ ಹರಿದುಕೊಂಡು ಕುಣಿಯುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು.

ಆ ಬ್ಯಾಂಡು ಹೋದಲ್ಲೆಲ್ಲ ಹೊಡೆದಾಟ. ಬೇವೂರಿನಲ್ಲಿ ಗಾಳೆಪ್ಪ ಹಲಗೆ ಕಾಯಿಸಲು ಹಚ್ಚಿದ್ದ ಬೆಂಕಿಗೆ ಒಬ್ಬ ಕೊಡ ನೀರು ಸುರಿದ. ಕಾಯಿಸದ ಚರ್ಮ ನುಡಿಯುವುದಿಲ್ಲ, ಅದು ಗೊತ್ತಿದ್ದೇ ಸುರಿದದ್ದು. ಮಲೀಕಸಾಬ ಕಾರ್ನೆಟ್ಟಿನಿಂದಲೇ ಅವನ ಹಣೆಗೆ ಬಾರಿಸಿದ. ಹಣೆಗೆ ಆರು ಹೊಲಿಗೆ ಬಿದ್ದವು. ಕಾರ್ನೆಟ್ಟಿನ ಅಂಚಿಗೆ ಬಿದ್ದ ತಗ್ಗು ಕಡೆತನಕ ಹೋಗಲಿಲ್ಲ. ಬಾಗಲಕೋಟೆಯಲ್ಲಂತೂ ಮಂದಿ ಹಂದರದ ಗಳ ಕಿತ್ತುಕೊಂಡು ಅವರನ್ನು ಬಸ್ ನಿಲ್ದಾಣದ ತನಕ ಅಟ್ಟಿದರು. ಗಾಳೆಪ್ಪನನ್ನು ಹಿಂದಿನ ಸಾಲಿಗೆ ಹಾಕು, ಜೀವ ಉಳಿಸಿಕೋ ಎಂದು ಮಲೀಕಸಾಬನ ಹೆಂಡತಿ ಶಮಶಾದಬಿ ಅತ್ತು ಹೇಳಿದಳಂತೆ.

"ಅವ ಹಿಂದ ಹ್ವಾದ್ರ ನಾ ಊದೂದು ಬಿಡ್ತೇನಿ," ಎಂದನಂತೆ ಇವನು.

ಎಂಬತ್ನಾಲ್ಕರ ಮೇ ತಿಂಗಳು, ಗುಳೇದಗುಡ್ಡ. ಇಕ್ಕಟ್ಟಾದ ನೇಕಾರರ ಓಣಿಯಲ್ಲಿ ಎರಡು ಮದುವೆ ಮೆರವಣಿಗೆ ಎದುರಾದವು. ಒಂದರ ಮುಂದೆ ಅವರ ಬ್ಯಾಂಡು, ಇನ್ನೊಂದರ ಮುಂದೆ ಮಾಸ್ತರರ ಜೊತೆಗೇ ಉಳಿದಿದ್ದ ನಮ್ಮದು. ಇಂಥಲ್ಲಿ ಯಾರೂ ದಾರಿ ಕೇಳುವುದಿಲ್ಲ, ಅದು ನಮ್ಮ ಬ್ಯಾಂಡುಗಳ ಕಟ್ಟಳೆ. ಎರಡೂ ಕಡೆಯವರು ನಿಂತು ನುಡಿಸಬೇಕು. ಯಾರ ಸದ್ದು ಮೊದಲು ಪೂರ್ತಿ ನಿಲ್ಲುತ್ತದೋ ಅವರು ಗೋಡೆಗೆ ಸರಿಯಬೇಕು. ಸೋತವರಿಗೆ ಆ ಊರಿನಲ್ಲಿ ಮತ್ತೆ ಯಾರೂ ವೀಳ್ಯ ಕೊಟ್ಟು ಮದುವೆಗೆ ಕರೆಯುವುದಿಲ್ಲ.

ಮಗ್ಗ ಬಿಟ್ಟು ಮಂದಿ ಕಟ್ಟೆ ಹತ್ತಿದರು. ಮುಕ್ಕಾಲು ತಾಸಿನ ಹೊತ್ತಿಗೆ ನಮ್ಮ ಕ್ಲಾರಿನೆಟ್ಟಿನವನ ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಮಾಸ್ತರರಿಗೆ ಸೋಲು ಕಂಡಿತು.

"ಅವನ ಬಾಯಿ ಮುಚ್ಚಸ್ರಲೇ!"

ನಾವು ಏಳೂ ಮಂದಿ ನುಗ್ಗಿದೆವು. ಢೋಲಿನವನ ತೋಳು ತಿರುವಿ ಮುರಿದೆವು. ಇನ್ನಿಬ್ಬರನ್ನು ಕೆಡವಿ ತುಳಿದೆವು. ಮಲೀಕಸಾಬ ಮಾತ್ರ ಊದುತ್ತಲೇ ಇದ್ದ. ನಾನು ಕಾರ್ನೆಟ್ಟಿನ ಬಾಯಿಗೆ ಅಂಗೈ ಕೊಟ್ಟು ಜೋರಾಗಿ ನೂಕಿದೆ. ಹಿತ್ತಾಳೆ ಒಳಗೆ ಹೊಕ್ಕು ಹಲ್ಲು ಮುರಿದದ್ದು ನನ್ನ ಅಂಗೈಗೇ ತಿಳಿಯಿತು.

ಓಣಿಯಲ್ಲಿ ಇನ್ನೂ ಸದ್ದಿತ್ತು. ಗಾಳೆಪ್ಪ ನಿಂತಲ್ಲೇ ನಿಂತು ಬಾರಿಸುತ್ತಿದ್ದ. ಮೈಮೇಲೆ ಒಂದು ಗೀರೂ ಇಲ್ಲ, ಕಣ್ಣೀರು ಮಾತ್ರ ಸುರಿಯುತ್ತಿತ್ತು. ನಾವೋ, ಹೊಡೆಯಲು ಕೈ ಬೇಕೆಂದು ನಮ್ಮ ವಾದ್ಯಗಳನ್ನೆಲ್ಲ ನೆಲಕ್ಕಿಟ್ಟು ಬಂದಿದ್ದೆವು.

ಅವರ ಕಡೆಯ ಮದುಮಗಳ ಅಜ್ಜಿ ಸಿದ್ದವ್ವ ಕೂಗಿದಳು: "ನಿಮ್ದು ನಿಂತೈತಿ, ನಮ್ದು ನಡದೈತಿ. ಗ್ವಾಡಿಗೆ ಸರೀರಿ!"

"ಹಲಗಿ ಏನ್ ಬ್ಯಾಂಡೇನಬೇ?" ಎಂದರು ಮಾಸ್ತರರು. ಓಣಿಯೇ ನಕ್ಕಿತು. ನಾವು ಗೋಡೆಗೆ ಸರಿದೆವು. ಮಲೀಕಸಾಬ ಗಾಳೆಪ್ಪನ ಹೆಗಲು ಹಿಡಿದು, ರಕ್ತ ಉಗುಳುತ್ತ ನನ್ನ ಮುಂದೆಯೇ ನಡೆದುಹೋದ.

ಗೆದ್ದ ಬ್ಯಾಂಡು ಅಂದೇ ಮುಗಿಯಿತು. ಮುಂದಿನ ಹಲ್ಲಿಲ್ಲದೆ ಕಾರ್ನೆಟ್ ಊದಲಾಗದು. ಮಲೀಕಸಾಬ ಇಳಕಲ್ಲಿನಲ್ಲಿ ಸ್ಟೋವ್ ರಿಪೇರಿಗೆ ಕುಳಿತ. ನಾಲ್ಕು ವರ್ಷ ಆ ರಸ್ತೆಗೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಎಂಬತ್ತೆಂಟರಲ್ಲಿ ಹೋದೆ. ಅವನು ಚಹಾ ತರಿಸಿದ.

"ಮಲೀಕಾ, ತಪ್ಪಾತಪಾ," ಎಂದೆ.

"ಹಲ್ಲಿನ ಮಾತು ಬಿಡು. ನಾನೂ ಭಾಳ ಮಂದಿ ತಲಿ ಒಡದೇನಿ. ಒಂದ ಕೇಳ್ತೇನಿ, ಖರೆ ಹೇಳು. ಏಳು ಮಂದಿ ಇದ್ರಿ. ಗಾಳೆಪ್ಪನ್ನ ಯಾಕ ಹೊಡೀಲಿಲ್ಲ?"

ಅದು ಕರುಣೆಯಲ್ಲ. ಅವನ ಹಲಗೆಯನ್ನು ನಾವು ವಾದ್ಯವೆಂದೇ ಎಣಿಸಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಅದನ್ನೂ ಹೇಳಿದೆ: "ಹೊಡಿಬೇಕಂದ್ರ ಮುಟ್ಟಬೇಕಾಗ್ತಿತ್ತು."

ಮಲೀಕಸಾಬ ಕೈಯಲ್ಲಿದ್ದ ಪಂಪು ಕೆಳಗಿಟ್ಟ.

"ಹಂಗಾದ್ರ ಗಾಳೆಪ್ಪಗ ಇದು ಅವತ್ತ ತಿಳದಿತ್ತು," ಎಂದ. "ನನ್ನ ಹಲ್ಲಿನ ಸಲುವಾಗಿ ಅಳಾಕತ್ತಾನಂತ ನಾ ತಿಳಕೊಂಡಿದ್ದೆ."