ವಸಂತಕ್ಕನ ಗುರುವಾರದ ಶುಗರ್

ಟೆಲಿಮೆಡಿಸಿನ್ ಬಗ್ಗೆ ನಮ್ಮಲ್ಲಿ ಯಾವ ತರಬೇತಿ ನಡೆದರೂ ವಸಂತಕ್ಕನ ಕಥೆ ಬಂದೇ ಬರುತ್ತದೆ. ಪರದೆಯ ಮೇಲಿದ್ದ ತಜ್ಞ ವೈದ್ಯರು ಒಂದೇ ನೋಟಕ್ಕೆ ಅಪಾಯ ಗುರುತಿಸಿದರು, ಜೀವ ಉಳಿಯಿತು, ಚಪ್ಪಾಳೆ. ಕೇಳಲು ಚೆನ್ನಾಗಿದೆ. ಆದರೆ ಆ ಕೋಣೆಯಲ್ಲಿ ನಾನಿದ್ದೆ. ಪರದೆಗೆ ಅಂದು ಕಂಡದ್ದು ವಸಂತಕ್ಕನ ನಗು ಮಾತ್ರ.

ಎರಡು ವರ್ಷದ ಹಿಂದಿನ ಮಾತು. ನಾನು ಮಂಗಳೂರಿನ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯಾಧಿಕಾರಿಯಾಗಿ ಹೊಸದಾಗಿ ಸೇರಿದ್ದೆ. ಅಲ್ಲಿನ ವ್ಯವಸ್ಥೆ ಸರಳವಾಗಿತ್ತು. ಮಧುಮೇಹಿಗಳು ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ಶುಗರ್ ನೋಡಿ ನಮಗೆ ವಾಟ್ಸಾಪ್ ಮಾಡಬೇಕು. ತಿಂಗಳಿಗೊಮ್ಮೆ, ಅದೂ ಗುರುವಾರವೇ, ಕೇಂದ್ರಕ್ಕೆ ಬಂದು ನನ್ನ ಪಕ್ಕ ಕೂತು, ಕದ್ರಿಯ ಕಡೆ ಇರುವ ತಜ್ಞೆಯೊಬ್ಬರೊಡನೆ ವಿಡಿಯೋದಲ್ಲಿ ಮಾತನಾಡಬೇಕು.

ವಸಂತಕ್ಕ ಶಕ್ತಿನಗರದಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ದಿನಕ್ಕೆರಡು ಹೊತ್ತು ಇನ್ಸುಲಿನ್. ಒಬ್ಬಳೇ ಮಗಳು ಶ್ವೇತಾ ಮಸ್ಕತ್‌ನಲ್ಲಿ ಚೊಚ್ಚಲ ಬಸುರಿ. ಅಲ್ಲಿಗೆ ಹೋಗಿ ಬಾಣಂತನ ಮಾಡಬೇಕು ಎಂಬುದೊಂದೇ ವಸಂತಕ್ಕನ ಧ್ಯಾನ. ಮಗಳ ಷರತ್ತೂ ಒಂದೇ: ಶುಗರ್ ಹಿಡಿತಕ್ಕೆ ಬರದೆ ಟಿಕೆಟ್ ಇಲ್ಲ.

“ಇಲ್ಲದಿದ್ದರೆ ಅವಳ ಅತ್ತೆ ಹೋಗ್ತಾರಂತೆ ಡಾಕ್ಟ್ರೆ,” ಎಂದಿದ್ದರು ಒಮ್ಮೆ. “ನಾನು ಬದುಕಿರುವಾಗ ಅವರು ನನ್ನ ಮಗಳಿಗೆ ಎಣ್ಣೆ ಹಚ್ಚುವುದಾ? ಅವರಿಗೆ ಸರೀ ಗಂಜಿ ಮಾಡ್ಲಿಕ್ಕೆ ಬರುವುದಿಲ್ಲ.”

ಆಮೇಲೆ ಗುರುವಾರದ ಶುಗರ್ ಸುಧಾರಿಸತೊಡಗಿತು. ಸುಧಾರಿಸಿದ್ದು ಎಂದರೆ ಪಠ್ಯಪುಸ್ತಕದ ಹಾಗೆ, ಪ್ರತಿ ವಾರ ನೂರರ ಆಸುಪಾಸು. ಅಮ್ಮ ತನಗೂ ಕಳಿಸುತ್ತಿದ್ದ ಅಂಕಿಗೆ ಮಗಳು ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಿದ್ದಳು. ನಮ್ಮ ನರ್ಸ್ ಕೂಡ ಕಳಿಸುತ್ತಿದ್ದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಕಾರಣ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ. ಸುಮಾರು ಮೂರು ತಿಂಗಳಲ್ಲಿ ಶುಗರ್ ಸರಾಸರಿ ಹೇಗಿತ್ತು ಎಂದು ಹೇಳುವ ಪರೀಕ್ಷೆ ಅದು. ವಸಂತಕ್ಕನದು ಒಂಬತ್ತು ದಾಟಿಯೇ ಇತ್ತು, ಅಂದರೆ ಹಿಡಿತದಲ್ಲಿ ಇರಲೇ ಇಲ್ಲ.

ತಜ್ಞೆಗೆ ಫೋನ್ ಮಾಡಿದೆ. “ಊಟದ ನಂತರ ಏರುತ್ತಿರಬೇಕು, ಇನ್ಸುಲಿನ್ ಸ್ವಲ್ಪ ಹೆಚ್ಚಿಸುವ,” ಎಂದರು. ತರ್ಕ ಸರಿಯಾಗಿಯೇ ಇತ್ತು. ಆದರೆ ತರ್ಕ ನಿಂತಿದ್ದ ನೆಲವೇ ಸುಳ್ಳಾಗಿದ್ದರೆ? ಇಷ್ಟು ಅಚ್ಚುಕಟ್ಟಾದ ಬೆಳಗಿನ ಶುಗರ್, ಇಷ್ಟು ಕೆಟ್ಟ ಸರಾಸರಿ, ಎರಡೂ ಒಂದೇ ದೇಹದಲ್ಲಿ ಹೇಗೆ? ಮುಖ ನೋಡಿ ಮಾತಾಡುವವರೆಗೆ ಡೋಸ್ ಮುಟ್ಟುವುದು ಬೇಡ ಎಂದು ವಾದಿಸಿದೆ.

“ಆಯ್ತು ಮಾರಾಯ, ಗುರುವಾರದವರೆಗೆ ಡಿಬೇಟ್ ಮುಂದೂಡುವ,” ಎಂದು ನಕ್ಕರು.

ಗುರುವಾರ ಹತ್ತು ಗಂಟೆಗೆ ವಸಂತಕ್ಕ ಹೊಸ ಸೀರೆ ಉಟ್ಟು ಬಂದರು. ಪರದೆಯಲ್ಲಿ ತಜ್ಞೆ ಒಂದು ಚೌಕಟ್ಟಿನಲ್ಲಿ, ಅಮ್ಮನ ವರದಿ ತಾನೇ ಕೇಳಬೇಕೆಂದು ಸೇರಿಕೊಂಡ ಮಸ್ಕತ್‌ನ ಶ್ವೇತಾ ಇನ್ನೊಂದರಲ್ಲಿ. “ಹೇಗಿದ್ದೀರಿ?” ಎಂದು ಕೇಳಿದರೆ “ಫಸ್ಟ್ ಕ್ಲಾಸ್!” ಎಂದರು. ಪರದೆಯಲ್ಲಿ ನಗುಮುಖ. ಪಕ್ಕದಲ್ಲಿದ್ದ ನನಗೆ ಕಂಡದ್ದು ಬೇರೆ. ಬ್ಲೌಸಿನ ಬೆನ್ನು ಬೆವರಿನಿಂದ ತೊಯ್ದಿತ್ತು, ಮೇಜಿನ ಕೆಳಗೆ ಬೆರಳು ನಡುಗುತ್ತಿತ್ತು.

“ಎಂತ ಆಯ್ತು ಅಕ್ಕ?”

“ಎಂತ ಇಲ್ಲ, ಸ್ವಲ್ಪ ಸೆಕೆ.”

ಅಲ್ಲಿಯೇ ಬೆರಳು ಚುಚ್ಚಿ ನೋಡಿದರೆ ಐವತ್ತೆಂಟು. ಎಪ್ಪತ್ತಕ್ಕಿಂತ ಇಳಿದರೇ ಅಪಾಯದ ಗಂಟೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ನರ್ಸ್ ಓಡಿ ಗ್ಲೂಕೋಸ್ ಕದಡಿ ತಂದರು. ವಸಂತಕ್ಕ ಲೋಟವನ್ನು ದೂರ ತಳ್ಳಿದರು. “ಈಗ ಬೇಡ ಡಾಕ್ಟ್ರೆ, ಶುಗರ್ ಏರ್ತದೆ. ಮೇಡಂ ನೋಡ್ತಾ ಇದ್ದಾರೆ.”

ಹೇಳಿ ಪ್ರಯೋಜನವಾಗಲಿಲ್ಲ. ನಾನು ಹೇಳಿದೆ, ಪರದೆಯಿಂದ ತಜ್ಞೆ ಹೇಳಿದರು. ಕೊನೆಗೆ ಶ್ವೇತಾ ಅತ್ತಳು. “ಅಮ್ಮ, ನಿಕ್ಕ್ ಮರ್ಲಾ? ಹುಚ್ಚಾ ನಿನಗೆ? ಕುಡಿ! ನೀನು ಕುಡಿಯದಿದ್ದರೆ ನಾನು ಅತ್ತೆಗೆ ಟಿಕೆಟ್ ಮಾಡ್ತೇನೆ, ಈಗಲೇ!”

ವಸಂತಕ್ಕ ಒಂದೇ ಗುಟುಕಿಗೆ ಕುಡಿದರು.

ಕಾಲು ಗಂಟೆಯಲ್ಲಿ ನಡುಕ ನಿಂತಿತು, ಬಾಯಿಯೂ ಬಿಚ್ಚಿತು. ಬುಧವಾರ ರಾತ್ರಿ ಊಟ ಬಿಟ್ಟು ಇನ್ಸುಲಿನ್ ಮಾತ್ರ ತೆಗೆದುಕೊಳ್ಳುವುದು, ಗುರುವಾರ ಬೆಳಿಗ್ಗೆ ಶುಗರ್ ನೋಡಿ ಕಳಿಸುವುದು, ಉಳಿದ ದಿನ ಯಥಾಪ್ರಕಾರ ಮೂರು ಹೊತ್ತು ಕುಚ್ಚಲಕ್ಕಿ ಅನ್ನ. ಅಂದು ಕ್ಯಾಮೆರಾದ ಮುಂದೆ ಪರೀಕ್ಷೆ ಮಾಡಿದರೂ ಚೆನ್ನಾಗಿರಲಿ ಎಂದು ಬೆಳಗಿನ ಇನ್ಸುಲಿನ್ ತೆಗೆದುಕೊಂಡು ತಿಂಡಿಯನ್ನೂ ಬಿಟ್ಟಿದ್ದರು. ಇನ್ಸುಲಿನ್ ಹೆಚ್ಚಿಸಿದ್ದರೆ ಮುಂದಿನ ಬುಧವಾರ ರಾತ್ರಿ ಅವರು ನಿದ್ದೆಯಲ್ಲೇ ಪ್ರಜ್ಞೆ ತಪ್ಪುತ್ತಿದ್ದರೇನೋ.

ಹಾಗಾದರೆ ಟೆಲಿಮೆಡಿಸಿನ್ ದಂಡವೇ? ನನ್ನ ಗೆಳೆಯರು ಈ ಕಥೆಯನ್ನು ಹಾಗೆ ತಿರುಗಿಸುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಬೆವರನ್ನು ಪರದೆ ಕಾಣಲಿಲ್ಲ, ನಿಜ. ಆದರೆ ಲೋಟವನ್ನು ಬಾಯಿಗೆ ತಂದದ್ದು ಕೋಣೆಯಲ್ಲಿದ್ದ ನಾವಲ್ಲ. ಸುಳ್ಳು ಹುಟ್ಟಿದ್ದು ಮಗಳಿಗಾಗಿ; ಅದನ್ನು ಬಿಡಿಸಲು ಮಗಳೇ ಎದುರಿರಬೇಕಿತ್ತು. ಸಮುದ್ರದಾಚೆಯಿಂದ ಅವಳನ್ನು ಆ ಮೇಜಿಗೆ ತಂದದ್ದು ಅದೇ ಪರದೆ.

ಆಮೇಲೆ ಪದ್ಧತಿ ಬದಲಾಯಿಸಿದೆವು. ಇಂಥದೇ ದಿನ ಎಂಬ ನಿಗದಿ ಇಲ್ಲ. ನಾವು ಮುನ್ಸೂಚನೆ ಇಲ್ಲದೆ ಕೇಳಿದ ದಿನ, ಊಟದ ಮೊದಲು ಮತ್ತು ನಂತರ. ಬಂದ ಅಂಕಿಗಳು ಕೆಟ್ಟದಾಗಿದ್ದವು, ಇನ್ನೂರೈವತ್ತು, ಇನ್ನೂರೆಂಬತ್ತು. ನನಗೆ ಅಂದು ನೆಮ್ಮದಿಯ ನಿದ್ದೆ ಬಂತು. ನಿಜವಾದ ಇನ್ನೂರೆಂಬತ್ತಕ್ಕೆ ಮದ್ದು ಉಂಟು, ಸುಳ್ಳು ನೂರಕ್ಕೆ ಇಲ್ಲ. ಒಂದು ಅಂಕಿಯನ್ನು ನಂಬುವ ಮೊದಲು, ಅದು ಯಾರಿಗೆ ತೋರಿಸಲೆಂದು ತಯಾರಾದದ್ದು ಎಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.

ಇನ್ಸುಲಿನ್ ಹೊಂದಿಸಿ, ಅನ್ನ ಇಳಿಸಿ, ನಿಧಾನವಾಗಿ ಶುಗರ್ ತಗ್ಗಿತು. ಹೆರಿಗೆಗೆ ಮೊದಲೇ ವಸಂತಕ್ಕ ವಿಮಾನ ಹತ್ತಿದರು. ಹೆಣ್ಣು ಮಗು. ಬಾಣಂತನದ ನಡುವೆ ಒಂದು ದಿನ ಮಸ್ಕತ್‌ನಿಂದ ವಿಡಿಯೋ ಕರೆ ಬಂತು. “ಇವತ್ತು ತೊಂಬತ್ತೆಂಟು ಡಾಕ್ಟ್ರೆ!”

“ಒಳ್ಳೆಯದು,” ಎಂದೆ. “ನಿನ್ನೆ ರಾತ್ರಿ ಊಟ ಮಾಡಿದ್ದೀರಾ ಅಕ್ಕ?”

ವಸಂತಕ್ಕ ಮೊಮ್ಮಗಳನ್ನು ಎತ್ತಿ ಕ್ಯಾಮೆರಾದ ತುಂಬ ಹಿಡಿದರು.