ಬೇವಿನ ಮರದ ಗಿಡುಗ

ಮದುವೆಯಾಗಿ ಧಾರವಾಡದಿಂದ ಅಹಮದಾಬಾದಿಗೆ ಹೋದಾಗ ನನಗೆ ಗುಜರಾತಿಯಲ್ಲಿ ಬರುತ್ತಿದ್ದದ್ದು ‘ಕೇಮ್ ಛೋ’ (ಹೇಗಿದ್ದೀರಿ) ಒಂದೇ. ಅರವತ್ತರ ದಶಕದ ನಡುವಿನ ವರ್ಷಗಳು ಅವು. ನಮ್ಮವರಿಗೆ ಅಲ್ಲಿಯ ಒಂದು ಸಂಶೋಧನಾಲಯದಲ್ಲಿ ಕೆಲಸ. ನವರಂಗಪುರದ ವಸತಿ ಸೊಸೈಟಿಯೊಂದರಲ್ಲಿ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಕೆಳಗಡೆ ಮನೆಯ ಒಡತಿ, ಗಂಡ ತೀರಿಹೋಗಿದ್ದ ಹೆಂಗಸು, ಮಗನೊಂದಿಗೆ ಇದ್ದರು. ಅವರನ್ನು ಇಡೀ ಸೊಸೈಟಿ ‘ಬಾ’ ಎಂದು ಕರೆಯುತ್ತಿತ್ತು. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ. ಅದು ಗೊತ್ತಾಗುವವರೆಗೆ, ಅಂಗಳದಲ್ಲಿ ಯಾರಾದರೂ ‘ಬಾ, ಬಾ’ ಎಂದು ಕೂಗಿದರೆ ನನ್ನನ್ನೇ ಕೆಳಗೆ ಕರೆಯುತ್ತಿದ್ದಾರೆಂದು ಎರಡು ಸಲ ಮೆಟ್ಟಿಲಿಳಿದು ಓಡಿಹೋಗಿ ನಗೆಪಾಟಲಾಗಿದ್ದೆ.

ಅಂಗಳದ ನಡುವೆ ಒಂದು ಕಂಬ, ಕಂಬದ ಮೇಲೆ ಅಗಲವಾದ ಕಲ್ಲಿನ ತಟ್ಟೆ. ಹಕ್ಕಿಗಳಿಗೆ ಕಾಳು ಹಾಕಲೆಂದೇ ಕಟ್ಟಿಸಿದ ಚಬೂತರೊ ಅದು. ಬಾ ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಸೆರಗು ಹೊದ್ದು, ಸಜ್ಜೆ ಮತ್ತು ಜೋಳ ತಂದು ಅದರ ಮೇಲೆ ಸುರಿಯುತ್ತಿದ್ದರು. ಬೆಳವಗಳು, ಗಿಳಿಗಳು, ಗುಬ್ಬಿಗಳು, ಅವುಗಳ ನಡುವೆ ನುಸುಳುವ ಅಳಿಲು. ಅವೆಲ್ಲ ತಿಂದು ಹಾರಿದ ಮೇಲೇ ಬಾ ಚಹಾಕ್ಕೆ ನೀರಿಡುವುದು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನಮ್ಮವರು ಕೆಲಸಕ್ಕೆ ಹೋದ ಮೇಲೆ ನನಗೆ ಮಾತಾಡಲು ಯಾರೂ ಇರಲಿಲ್ಲ, ನೋಡಲು ಈ ಹಕ್ಕಿಗಳಾದರೂ ಇದ್ದವು.

ನಮ್ಮವರು ಅದನ್ನು ಗಮನಿಸಿರಬೇಕು. ಸಾಬರಮತಿಯ ದಂಡೆಯ ಭಾನುವಾರದ ಗುಜರಿ ಸಂತೆಯಿಂದ ಒಂದು ಹಳೆಯ ದುರ್ಬೀನು ಕೊಂಡು ತಂದರು. ಅದರ ಎಡಗಣ್ಣಿನಲ್ಲಿ ಯಾವಾಗಲೂ ಮಂಜು ಕವಿದಿರುತ್ತಿತ್ತು. ಸಹೋದ್ಯೋಗಿಯೊಬ್ಬರಿಂದ ಹಕ್ಕಿಗಳ ಒಂದು ಚಿತ್ರಪುಸ್ತಕವನ್ನೂ ಕೇಳಿ ತಂದರು. ಎಲ್ಲ ಬೂದು ಎಂದುಕೊಂಡಿದ್ದ ಬೆಳವಗಳಲ್ಲೇ ಮೂರು ಜಾತಿ ಇವೆ ಎಂದು ಗೊತ್ತಾದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಒಂದಕ್ಕೆ ಕುತ್ತಿಗೆಯ ಹಿಂದೆ ಕರಿಯ ಗೆರೆ, ಒಂದಕ್ಕೆ ಎದೆಯ ಮೇಲೆ ಚುಕ್ಕೆ, ಇನ್ನೊಂದು ಇಟ್ಟಿಗೆಯ ಬಣ್ಣದ್ದು. ಒಂದೇ ತರಹದ ಮುಖಗಳ ಗುಂಪಿನಲ್ಲಿ ಒಬ್ಬೊಬ್ಬರೇ ಪರಿಚಯವಾದಂತೆ ಇತ್ತು.

ಆ ವರ್ಷದ ಬೇಸಿಗೆಯ ಒಂದು ಬೆಳಿಗ್ಗೆ, ಬಾ ಕಾಳು ಸುರಿದು ಇನ್ನೂ ಕೈ ಕೊಡವುತ್ತಿದ್ದರು. ಗೋಡೆಯ ಆಚೆಯಿಂದ ಏನೋ ಬೂದಿಯಂಥದ್ದು ನೆಲಕ್ಕೆ ಸಮನಾಗಿ ನುಗ್ಗಿ ಬಂತು. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಒಂದು ಬೆಳವ ಏಳಲಿಲ್ಲ. ಅದನ್ನು ಕಾಲಲ್ಲಿ ಒತ್ತಿ ಹಿಡಿದು, ರೆಕ್ಕೆ ಹರಡಿ, ಬಾ ಅವರ ಮುಖವನ್ನೇ ನೋಡುತ್ತ ಗಿಡುಗವೊಂದು ಕೂತಿತ್ತು. ಆಮೇಲೆ ಎತ್ತಿಕೊಂಡು ಹೋಯಿತು. ಕಲ್ಲಿನ ಮೇಲೆ ನಾಲ್ಕಾರು ಪುಕ್ಕ ಉಳಿದವು.

ಬಾ ಆ ದಿನ ಊಟ ಮಾಡಲಿಲ್ಲ. ಗಿಡುಗ ಮತ್ತೆ ಎರಡು ಸಲ ಬಂದ ಮೇಲೆ ಕಾಳು ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಆ ಹೊತ್ತಿಗೆ ನನ್ನ ಗುಜರಾತಿ ತಕ್ಕಮಟ್ಟಿಗೆ ಸುಧಾರಿಸಿತ್ತು. ಯಾಕೆ ಬಾ, ಎಂದು ಕೇಳಿದೆ.

“ಕಾಳು ಹಾಕಿ ಕರೆಯೋಳು ನಾನು. ಕರೆದು ಶಕರೊ ಬಾಯಿಗೆ ಕೊಡೋಳೂ ನಾನೇ ಆದೆನಲ್ಲ ದೀಕ್ರಿ,” ಎಂದರು. ಗಿಡುಗಕ್ಕೆ ಅವರ ಮಾತಿನಲ್ಲಿ ಶಕರೊ. ದೀಕ್ರಿ ಎಂದರೆ ಮಗಳು.

ಅವರ ಮಗನನ್ನು ನಾವು ಮೋಟಾಭಾಯಿ, ಅಂದರೆ ದೊಡ್ಡಣ್ಣ, ಎನ್ನುತ್ತಿದ್ದೆವು. ಬಟ್ಟೆಯ ಗಿರಣಿಯೊಂದರ ಕಚೇರಿಯಲ್ಲಿದ್ದ ಗಂಭೀರ ಮನುಷ್ಯ. ಬಾ ಹೀಗೆ ಮಂಕಾಗಿ ಕೂತದ್ದು ಅವರಿಗೆ ತಡೆಯಲಾಗಲಿಲ್ಲ. ಆ ಮನೆಯಲ್ಲಿ ಯಾವ ಜೀವಿಗೂ ಕೈಯೆತ್ತುವಂತಿರಲಿಲ್ಲ, ಗಿಡುಗಕ್ಕೂ ಅಷ್ಟೇ. ಆದರೆ ಅಂಗಳದ ಮೂಲೆಯ ಬೇವಿನ ಮರದಲ್ಲಿ ಮಧ್ಯಾಹ್ನದ ಹೊತ್ತು ಅದು ಬಂದು ಕೂರುವುದನ್ನು ಎಲ್ಲರೂ ನೋಡಿದ್ದರು. ಅದು ಕೂತರೆ ಹರಟೆಮಲ್ಲ ಹಕ್ಕಿಗಳ ಗುಂಪು ಸುತ್ತ ನೆರೆದು ಕಿವಿ ಕಿತ್ತುಹೋಗುವಂತೆ ಬೈಯುತ್ತಿತ್ತು. ಕೂರುವ ಜಾಗವೇ ಇಲ್ಲದಿದ್ದರೆ ತಾನಾಗಿ ಹೋಗುತ್ತದೆ, ಮರ ಕಡಿಸುತ್ತೇನೆ ಎಂದರು ಮೋಟಾಭಾಯಿ.

ನಾನು ಮಧ್ಯಾಹ್ನಗಳಲ್ಲಿ ಕಿಟಕಿಯ ಬಳಿ ಕೂತು ದುರ್ಬೀನಿನ ಒಳ್ಳೆಯ ಕಣ್ಣಿನಿಂದ ಆ ಹಕ್ಕಿಯನ್ನು ನೋಡತೊಡಗಿದೆ. ಏನೋ ಸರಿಯಿಲ್ಲ ಎನಿಸುತ್ತಿತ್ತು. ಭಾನುವಾರ ನಮ್ಮವರನ್ನು ಎಬ್ಬಿಸಿ ಕಿಟಕಿಗೆ ಕರೆತಂದೆ.

“ರೀ, ಬೇವಿನ ಗಿಡದಾಗ ಕೂಡೋದು ಆ ಗಿಡುಗ ಅಲ್ಲ ಅನ್ನಸ್ತದ ನನಗ.”

“ಅದೇ ಬಣ್ಣ, ಅದೇ ಬಾಲ. ಬಾಲದಾಗಿನ ಪಟ್ಟಿನೂ ಅವೇ ಅವ,” ಎಂದರು, ನಿದ್ದೆಗಣ್ಣಿನಲ್ಲೇ.

“ಕೊಕ್ಕು ನೋಡ್ರಿ. ಬೆಳವ ಹಿಡದದ್ದರ ಕೊಕ್ಕು ಕೊಕ್ಕಿ ಹಂಗ ಬಾಗಿತ್ತು. ಇದರದು ನೆಟ್ಟಗದ.”

“ಬಿಸಲಾಗ ಹಂಗ ಕಾಣ್ತದ.”

“ಕಾಲು? ಅದಕ್ಕ ಎಂಥಾ ಉದ್ದನ್ನ ಕಾಲು, ಎಂಥಾ ಉಗುರು! ಇದಕ್ಕ ಕಾಲೇ ಇಲ್ಲೇನೋ ಅನ್ನೋ ಹಂಗ ಹೊಟ್ಟಿ ಊರಿ ಕೂತದ. ಮತ್ತ ಗಿಡುಗ ಸೆಟದು ಕೂಡ್ತದ. ಇದು ರೆಕ್ಕಿ ಜೋತು ಬಿಟ್ಟು, ಮೈಯಾಗ ಹುಷಾರಿಲ್ಲದವರ ಹಂಗ ಕೂತದ ನೋಡ್ರಿ.”

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ತಂದರು. ಗಿಡುಗಗಳ ಪುಟಗಳಲ್ಲಿ ಅದು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಕೋಗಿಲೆಗಳ ಪುಟದಲ್ಲಿ. ಗಿಡುಗದ ವೇಷದ ಕೋಗಿಲೆ. ನಮ್ಮ ಕಡೆ ಅದಕ್ಕೆ ಚಾಣಕೋಗಿಲೆ ಎಂಬ ಹೆಸರಿದೆ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಗುಜರಾತಿಯಲ್ಲಿ ಅದು ಬಪೈಯೊ ಎಂದು ಪುಸ್ತಕದಲ್ಲೇ ಇತ್ತು. ಮಳೆಗಾಲದ ಹಾಡುಗಳಲ್ಲೆಲ್ಲ ಬರುವ, ಮೋಡ ಕಟ್ಟಿದಾಗ ಏರು ಧ್ವನಿಯಲ್ಲಿ ಕೂಗಿ ಕೂಗಿ ಕರೆಯುವ ಹಕ್ಕಿ. ಅದರ ಕೂಗು ಆ ಊರಿನ ಎಲ್ಲರಿಗೂ ಗೊತ್ತು, ಎಲ್ಲರಿಗೂ ಪ್ರೀತಿ. ಅದರ ಮುಖ ನೋಡಿದವರು ಮಾತ್ರ ನಮ್ಮ ಸೊಸೈಟಿಯಲ್ಲಿ ಯಾರೂ ಇರಲಿಲ್ಲ.

ಮೊದಲ ಮಳೆ ಬಿದ್ದ ಮರುವಾರ, ಕೊಡಲಿ, ಹಗ್ಗ ಹಿಡಿದು ಇಬ್ಬರು ಬಂದರು. ನಮ್ಮವರು ಆಗಲೇ ಕೆಲಸಕ್ಕೆ ಹೋಗಿದ್ದರು. ನಾನು ದುರ್ಬೀನು ಕೊರಳಿಗೆ ಹಾಕಿಕೊಂಡು ಕೆಳಗಿಳಿದೆ. ಬಾಡಿಗೆಗೆ ಇರುವವಳು, ಹೊಸ ಹುಡುಗಿ, ಹರಕು ಮುರುಕು ಭಾಷೆ.

“ಬಾ, ಆ ಶಕರೊ ನಥಿ,” ಎಂದೆ. ಇದು ಶಕರೊ ಅಲ್ಲ. “ಬಪೈಯೊ ಛೆ.”

ಮೋಟಾಭಾಯಿ ಜೋರಾಗಿ ನಗಲಿಲ್ಲ, ಒಳ್ಳೆಯ ಮನುಷ್ಯ. ನನ್ನನ್ನು ಬೆನ್, ಅಂದರೆ ತಂಗಿ, ಎನ್ನುತ್ತಿದ್ದರು. “ಬೆನ್, ಬಪೈಯೊ ಇಷ್ಟೇ ಇಷ್ಟು ಇರುತ್ತೆ,” ಎಂದು ಬೆರಳಲ್ಲಿ ಗುಬ್ಬಿಯ ಅಳತೆ ತೋರಿಸಿದರು.

“ನೋಡಿದ್ದೀರಾ?”

ಅವರು ಬೆರಳು ಮಡಚಿದರು. ಬಾ ನನ್ನ ಕೊರಳಿನಿಂದ ದುರ್ಬೀನು ತೆಗೆದುಕೊಂಡರು. ಹೇಗೆ ಹಿಡಿಯಬೇಕೆಂದು ತೋರಿಸಿದೆ. ಹಕ್ಕಿ ಬೇವಿನಲ್ಲೇ ಇತ್ತು. ಬಾ ಕೊಕ್ಕು ನೋಡಿದರು, ಕಾಲು ನೋಡಿದರು. ಮರ ಕಡಿಯುವವರು ಕೊಡಲಿ ಒರಗಿಸಿ ಬೀಡಿ ಹಚ್ಚಿದರು. ಆಗ ಹಕ್ಕಿ ಮರ ಬಿಟ್ಟು ಹಾರಿ ಪಕ್ಕದ ಮನೆಯ ನುಗ್ಗೆ ಮರಕ್ಕೆ ಹೋಯಿತು. ಮಳೆ ಬಿದ್ದದ್ದೇ ಆ ನುಗ್ಗೆಯ ಕಾಂಡದ ತುಂಬ ಕಂಬಳಿಹುಳ. ಹಕ್ಕಿ ಒಂದನ್ನು ಕಚ್ಚಿ, ಕೊಂಬೆಗೆ ಆ ಕಡೆ ಈ ಕಡೆ ಬಡಿದು, ನುಂಗಿತು. ಇನ್ನೊಂದನ್ನು ಕಚ್ಚಿತು.

ಬಾ ದುರ್ಬೀನು ಇಳಿಸಿ ಮಗನ ಕಡೆ ತಿರುಗಿದರು. “ಶಕರೊ ಕಂಬಳಿಹುಳ ತಿನ್ನುತ್ತೇನೋ?”

ಮೋಟಾಭಾಯಿ ತಾವೂ ನೋಡಿದರು. ಬಂದವರಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು. ಅದೇ ವಾರ ಮೋಡ ಕವಿದ ಒಂದು ಸಂಜೆ, ಬೇವಿನೊಳಗಿಂದಲೇ ಆ ಕೂಗು ಎದ್ದಿತು. ಒಂದಕ್ಕಿಂತ ಒಂದು ಮೇಲೇರಿ, ಇನ್ನೇನು ಗಂಟಲು ಹರಿಯುತ್ತದೆ ಎನ್ನುವಲ್ಲಿ ನಿಂತಿತು. ಕೆಳಗಿನಿಂದ ಬಾ ಕೂಗಿದರು: “ದೀಕ್ರಿ, ಕೇಳಿಸ್ತಾ?”

ಇದರಿಂದ ನಿಜವಾದ ಗಿಡುಗವೇನೂ ಊರು ಬಿಟ್ಟು ಹೋಗಲಿಲ್ಲ. ಬಾ ಅದಕ್ಕೊಂದು ದಾರಿ ಹುಡುಕಿಕೊಂಡರು. ಬಯಲಿನ ಕಲ್ಲುತಟ್ಟೆ ಬಿಟ್ಟು, ಗೋಡೆಯುದ್ದಕ್ಕೂ ಬೆಳೆದಿದ್ದ ಮದರಂಗಿ ಬೇಲಿಯ ಬುಡದಲ್ಲಿ ಕಾಳು ಚೆಲ್ಲತೊಡಗಿದರು. ಗಿಡುಗ ಬಂದರೆ ಹಕ್ಕಿಗಳು ಚಕ್ಕನೆ ಬೇಲಿಯೊಳಗೆ ನುಗ್ಗುತ್ತಿದ್ದವು. ಒಮ್ಮೊಮ್ಮೆ ಒಂದು ಹೋಗುತ್ತಿತ್ತು. ಆ ದಿನ ಬಾ ಸ್ವಲ್ಪ ಹೆಚ್ಚು ಹೊತ್ತು ಜಪಮಾಲೆ ಹಿಡಿದು ಕೂರುತ್ತಿದ್ದರು, ಆದರೆ ಮರುದಿನ ಕಾಳು ಹಾಕುವುದನ್ನು ನಿಲ್ಲಿಸಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವರೇ ನನ್ನನ್ನು ಕೆಳಗೆ ಕರೆದರು. ಬೇವಿನ ಕೆಳಗೊಂಬೆಯಲ್ಲಿ ಕಂದು ಬಣ್ಣದ ದೊಡ್ಡ ಮರಿಯೊಂದು ಬಾಯಿ ತೆರೆದು ಅರಚುತ್ತಿತ್ತು. ಅದಕ್ಕಿಂತ ಚಿಕ್ಕದಾದ ಹರಟೆಮಲ್ಲವೊಂದು ಅದರ ಬಾಯಿಯೊಳಗೆ ತಲೆಯಿಟ್ಟು ಹುಳ ತುರುಕುತ್ತಿತ್ತು. ಬಪೈಯೊ ಕೋಗಿಲೆಯ ಜಾತಿ, ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ ಎಂದು ನನಗೆ ಬಂದ ಭಾಷೆಯಲ್ಲಿ ಹೇಳಿದೆ.

“ಅದಕ್ಕೇನಾ ಅವು ಅಷ್ಟು ಬೈತಿದ್ದದ್ದು?”

“ಅದಕ್ಕೇ ಇರಬೇಕು ಬಾ.”

“ಹಾಗಾದರೆ ಅವತ್ತು ಬೈದದ್ದು ಸರಿಯಾಗೇ ಇತ್ತು,” ಎಂದು ನಕ್ಕರು. ನಗು ನಿಂತ ಮೇಲೂ ನೋಡುತ್ತಲೇ ಇದ್ದರು. ಮತ್ತೆರಡು ಹರಟೆಮಲ್ಲಗಳು ಹುಳ ತಂದು ಸರದಿಗೆ ಕಾದು ನಿಂತವು.

“ಮದುವೆಯಾದಾಗ ನನಗೆ ಹದಿನಾರು,” ಎಂದರು ಬಾ, ಮರದ ಮೇಲಿನಿಂದ ಕಣ್ಣು ತೆಗೆಯದೆ. “ನಿಮ್ಮ ಮೋಟಾಭಾಯಿಗೆ ಆಗಲೇ ಎಂಟು ವರ್ಷ. ಇವನ ತಾಯಿ ತೀರಿಹೋಗಿದ್ದಳು. ಮನೆಗೆ ಕಾಲಿಟ್ಟ ದಿನ ರೊಟ್ಟಿ ಮಾಡಿ ಬಡಿಸಿದೆ. ಎಷ್ಟು ಹಾಕಿದರೂ ಇನ್ನೂ ಬೇಕು ಅಂತಿದ್ದ. ಮಾತು ಮಾತ್ರ ಆಡ್ತಿರಲಿಲ್ಲ. ನನಗೆ ಬೇರೆ ಮಕ್ಕಳಾಗಲಿಲ್ಲ.”

ತಾಯಿ ಮಗನ ವಯಸ್ಸಿನ ಅಂತರ ಅಷ್ಟು ಕಡಿಮೆ ಎಂಬುದು ಒಂದೇ ಸೂರಿನಡಿ ಇದ್ದೂ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಮಳೆ ಹನಿಯತೊಡಗಿತು. ಮರಿ ಅರಚುತ್ತಲೇ ಇತ್ತು.

ಆ ಚಳಿಗಾಲ ಮೋಟಾಭಾಯಿ ಗಿರಣಿಯ ಸ್ನೇಹಿತರೊಬ್ಬರ ಜೀಪು ಕೇಳಿ ತಂದು ನಮ್ಮೆಲ್ಲರನ್ನೂ ನಳಸರೋವರಕ್ಕೆ ಕರೆದೊಯ್ದರು. ಬಾ ಅದುವರೆಗೆ ದೋಣಿ ಹತ್ತಿದವರಲ್ಲ. ನಮ್ಮವರ ತೋಳು ಗಟ್ಟಿಯಾಗಿ ಹಿಡಿದು ನಡುವೆ ಕೂತರು. ಅಂಬಿಗ ಕೋಲು ಊರಿ ದೋಣಿಯನ್ನು ಜೊಂಡಿನ ಆಚೆ ತೆರೆದ ನೀರಿಗೆ ತಂದಾಗ ಎದುರಿಗೆ ಬಾತುಗಳು. ಕಣ್ಣು ಹೋದಷ್ಟು ದೂರ ಬಾತುಗಳು, ಕಂದು, ಬೂದು, ಎಲ್ಲ ಒಂದೇ ತರಹ.

“ಇವುಗಳಲ್ಲಿ ಯಾವುದು ಯಾವುದು, ಹೇಳು ದೀಕ್ರಿ.”

ದುರ್ಬೀನು ಹಿಡಿದು ನೋಡಿದೆ, ಪುಸ್ತಕ ತಿರುವಿದೆ. ನಮ್ಮವರು ಒಂದು ಹೆಸರು ಹೇಳಿದರು, ನಾನು ಇನ್ನೊಂದು ಹೇಳಿದೆ. ಅಷ್ಟರಲ್ಲಿ ದೋಣಿ ತಿರುಗಿತು, ಹಕ್ಕಿಗಳ ಮೇಲೆ ಬಿದ್ದಿದ್ದ ಬೆಳಕೂ ಬದಲಾಯಿತು, ಇಬ್ಬರದೂ ತಪ್ಪು ಎನಿಸಿತು.

“ಗೊತ್ತಾಗ್ತಿಲ್ಲ ಬಾ,” ಎಂದೆ.

“ಆಗಲಿ, ಅವೇನು ಓಡಿಹೋಗ್ತವಾ,” ಎಂದರು ಬಾ. ಹೆದರಿಕೆ ಕಳೆದಿತ್ತು. ಮಡಿಲಲ್ಲಿದ್ದ ಡಬ್ಬಿ ಬಿಚ್ಚಿ ಮೆಂತ್ಯದ ಥೇಪ್ಲಾ ತೆಗೆದು, ಮೊದಲು ಮೋಟಾಭಾಯಿಗೆ, ಆಮೇಲೆ ನಮಗೆ, ಅಂಬಿಗನಿಗೂ ಒಂದೊಂದು ಕೊಟ್ಟು, ತಾವೂ ಒಂದನ್ನು ಮುರಿದುಕೊಂಡು ನೀರಿನ ಕಡೆ ನೋಡುತ್ತ ತಿನ್ನತೊಡಗಿದರು.