ನಡುಕಟ್ಟೆಗೆ ಕರೆಂಟು ತಂದ ವನಜಾ

ವೈರ್‌ಮನ್ ಪರ್ಮಿಟ್ ಕೈಗೆ ಬಂದ ಹದಿನೆಂಟನೇ ದಿನಕ್ಕೆ ವನಜಾಗೆ ವೈರಿಂಗ್ ಮಾಡಲು ಮೊದಲ ಮನೆ ಸಿಕ್ಕಿತು. ಹನ್ನೊಂದು ವರ್ಷ ಅವಳು ಮಧುಗಿರಿಯ ಅಂಗಡಿಯೊಂದರಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿದ್ದಳು. ಚನ್ನರಾಯನದುರ್ಗದ ಗಂಗಹನುಮಯ್ಯನವರ ಮೋಟರನ್ನು ಎರಡು ಸಲ ಬದುಕಿಸಿಕೊಟ್ಟಿದ್ದಳು. ಅದನ್ನು ನೆನಪಿಟ್ಟುಕೊಂಡ ಅವರು ಹೊಸ ಮನೆಯ ಇಡೀ ವೈರಿಂಗನ್ನು ಅವಳಿಗೇ ಒಪ್ಪಿಸಿದರು. ವನಜಾ ಸ್ಕೂಟರಿನಲ್ಲಿ ಚನ್ನರಾಯನದುರ್ಗದ ದಾರಿ ಹಿಡಿದಳು.

ಗೋಡೆಗಳ ಕೆಲಸ ಸಲೀಸಾಗಿ ಮುಗಿಯಿತು. ತೊಡಕು ಎದ್ದದ್ದು ಅಡುಗೆಮನೆಯಲ್ಲಿ. ಮನೆಯ ಸೊಸೆ ಮಂಜುಶ್ರೀ ಫೋನಿನಲ್ಲೊಂದು ಚಿತ್ರ ತೋರಿಸಿದಳು. ಯಾವ ಗೋಡೆಗೂ ತಾಗದೆ ಅಡುಗೆಮನೆಯ ನಟ್ಟನಡುವೆ ನಿಂತ ಗ್ರಾನೈಟ್ ಕಟ್ಟೆ.

"ನಂಗೂ ಇಂಥದ್ದೇ ಬೇಕು ಅಕ್ಕ. ಮಿಕ್ಸಿ, ಗ್ರೈಂಡರ್ ಎಲ್ಲಾ ಇದ್ರ ಮೇಲೇ ಇರ್ಬೇಕು."

ಮಾರನೇ ದಿನವೇ ನೆಲಕ್ಕೆ ಟೈಲ್ಸ್ ಕೂರಿಸಲು ಗಾರೆ ಮೇಸ್ತ್ರಿ ಚಿಕ್ಕನರಸಯ್ಯ ಮರಳು ಜರಡಿ ಹಿಡಿಯುತ್ತಿದ್ದ. ನೆಲದೊಳಗೆ ವೈರು ಎಳೆಯುವ ಒಂದು ಪೈಪೂ ಹೋಗಿರಲಿಲ್ಲ.

"ಅದಕ್ಯಾಕಮ್ಮ ಯೋಚ್ನೆ," ಎಂದ ಅವನು. "ಗ್ವಾಡೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳ್ಕಂಡ್ರಾಯ್ತು."

"ಬಿಸಿ ಸಾರು ಹಿಡ್ಕಂಡು ಓಡಾಡೋ ಜಾಗ ಮೇಸ್ತ್ರಿ. ವೈರು ಕಾಲಿಗೆ ಸಿಕ್ರೆ ಹೆಂಗೆ?" ಎಂದಳು ವನಜಾ.

"ಅಂಗಾದ್ರೆ ಕಟ್ಟೆ ಪಕ್ಕದಾಗೆ, ಕಲ್ಲಿನ ಕೆಳಗಡೆ ಪಾಯಿಂಟ್ ಕೊಟ್ಬುಡು. ಎಲ್ಲಾರೂ ಅಂಗೇ ಮಾಡೋದು."

ವನಜಾಳ ಕಣ್ಣು ಮನೆಯೊಡತಿ ಗಂಗಲಕ್ಷ್ಮಮ್ಮನ ಸೊಂಟದ ಮೇಲಿದ್ದ ಮೊಮ್ಮಗಳು ರಕ್ಷಾಳ ಮೇಲೆ ನಿಂತಿತು. ಒಂದೂವರೆ ವರ್ಷದ ಮಗು, ಅಜ್ಜಿಯ ಸರವನ್ನು ಬಿಡದೆ ಜಗ್ಗುತ್ತಿತ್ತು.

ವನಜಾ ಸಿಮೆಂಟ್ ಇಟ್ಟಿಗೆಗಳನ್ನು ಕಟ್ಟೆಯಂತೆ ಸೊಂಟದೆತ್ತರಕ್ಕೆ ಪೇರಿಸಿ ಮೇಲೊಂದು ಹಲಗೆ ಇಟ್ಟಳು. ಪ್ಲಾಸ್ಟಿಕ್ ಚೊಂಬಿಗೆ ಎರಡು ಗುಟುಕು ನೀರು ಹಾಕಿ, ಕಂಠಕ್ಕೆ ತುಂಡು ವೈರು ಕಟ್ಟಿ, ಕಲ್ಲಿನ ಕೆಳಗಿನ ಪಾಯಿಂಟಿಗೆ ಹೋಗುವ ವೈರಿನಂತೆ ಅದರ ತುದಿಯನ್ನು ಇಳಿಬಿಟ್ಟಳು.

"ಅಮ್ಮ, ಪಾಪುನ ಕೆಳಕ್ಕೆ ಬುಡಿ," ಎಂದವಳು ಚೊಂಬಿನ ಪಕ್ಕ ಕೈಯೊಡ್ಡಿ ನಿಂತಳು.

ರಕ್ಷಾ ಇಳಿದವಳೇ ನೆಟ್ಟಗೆ ವೈರಿನ ಹತ್ತಿರ ಹೋಗಿ ಎಳೆದಳು. ಚೊಂಬು ಉರುಳಿ ವನಜಾಳ ಕೈಗೆ ಬಿತ್ತು. ನೀರು ಮಗುವಿನ ತಲೆಯ ಮೇಲೆ ಸುರಿಯಿತು. ಮಗು ನಕ್ಕಿತು. ದೊಡ್ಡವರು ಯಾರೂ ನಗಲಿಲ್ಲ.

"ಕಾಯಿಸಿದ ನೀರಾಗಿದ್ರೆ ಏನ್ ಗತಿ ಕಣಮ್ಮ," ಎಂದು ಗಂಗಲಕ್ಷ್ಮಮ್ಮ ಮಗುವನ್ನು ಬಾಚಿ ಎತ್ತಿಕೊಂಡರು.

"ಕಲ್ಲಿನ ಮೇಲೇ ತೂತು ಕೊರೆದು ಇಡಕ್ಕಾಗಲ್ವಾ?" ಮಂಜುಶ್ರೀ ಕೇಳಿದಳು.

"ಹಿಟ್ಟು ಚೆಲ್ತದೆ, ಒರೆಸೋವಾಗ ನೀರು ನಿಲ್ತದೆ. ಎಲ್ಲಾ ಅದರೊಳಕ್ಕೇ ಇಳೀತದೆ," ಎಂದಳು ವನಜಾ.

ಮಾತು ಮುಗಿಯುವಷ್ಟರಲ್ಲಿ ಅವಳಿಗೆ ದಾರಿ ಹೊಳೆದುಬಿಟ್ಟಿತು. ಜೇಬಿನಿಂದ ಸೀಮೆಸುಣ್ಣ ತೆಗೆದಳು. ಕಟ್ಟೆಯ ಒಂದು ತುದಿಯಲ್ಲಿ, ಕಲ್ಲಿನ ಮೇಲೆ ಗೇಣೆತ್ತರದ ಸಣ್ಣ ಗೋಡೆ. ಕಟ್ಟೆಗೆ ಮುಖಮಾಡಿ ಆ ಗೋಡೆಯಲ್ಲೇ ಪ್ಲಗ್ ಪಾಯಿಂಟುಗಳು. ವೈರು ಎಲ್ಲೂ ಜೋತುಬೀಳುವುದಿಲ್ಲ, ಕಲ್ಲು ಒದ್ದೆಯಾದರೂ ನೀರು ಅಲ್ಲಿಗೆ ಏರುವುದಿಲ್ಲ. ಅವಳು ನೆಲದ ಮೇಲೇ ಚಿತ್ರ ಬರೆಯುತ್ತ ಹೋದಳು. ನಲ್ಲಿ ಕಿಟಕಿಯ ಕಡೆಗಿತ್ತು, ಆದ್ದರಿಂದ ಗೋಡೆಯನ್ನು ಆಚೆ ತುದಿಗೆ ಇಟ್ಟಳು. ಗ್ರೈಂಡರಿಗೆ ಹೆಚ್ಚು ಕರೆಂಟು ತಡೆಯುವ ದೊಡ್ಡ ಪಾಯಿಂಟು, ಅದಕ್ಕೆ ಬೋರ್ಡಿನಿಂದಲೇ ಬೇರೆ ವೈರು, ಅರ್ಥಿಂಗ್ ತಪ್ಪದೆ.

ಚಿಕ್ಕನರಸಯ್ಯ ಕುಕ್ಕರಗಾಲಲ್ಲಿ ಕೂತು ಆ ಗೆರೆಗಳನ್ನೇ ನೋಡಿದ. "ಗೇಣುದ್ದದ ಗ್ವಾಡೆ ತಾನೆ, ಅದು ನಂಗೆ ಬುಡು. ನೀನು ಪೈಪ್ ಇಳಿಸು. ಟೈಲ್ಸು ಒಂದಿನ ಕಾಯ್ತದೆ."

ಊಟದ ಹೊತ್ತನ್ನೂ ಮರೆತು ಇಬ್ಬರೂ ಸೇರಿ ನೆಲ ಕೊರೆದರು. ಸಂಜೆಯೊಳಗೆ ಪೈಪು ಗೋಡೆಯಿಂದ ಕಟ್ಟೆಯ ಗುರುತಿನವರೆಗೂ ಬಂದು ನಿಂತಿತು.

ಮೂರು ವಾರಕ್ಕೆ ಕಟ್ಟೆ ಎದ್ದಿತು. ಕರೆಂಟು ಕೊಡುವ ದಿನ ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ನೆರೆದರು. ವನಜಾ ಮೊದಲು ಮಿಕ್ಸಿ ಹಾಕಿದಳು, ಆಮೇಲೆ ಗ್ರೈಂಡರ್. ಎರಡೂ ಒಟ್ಟಿಗೆ ಗುರ್ ಎಂದವು. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚನ್ನೂ ಪರೀಕ್ಷಿಸಬೇಕಿತ್ತು. ಅವಳು ಅದರ ಪರೀಕ್ಷೆಯ ಬಟನ್ ಒತ್ತಿದಳು. ಟಕ್ ಎಂದು ಎಲ್ಲವೂ ನಿಂತಿತು.

"ಕೆಟ್ಟೋಯ್ತಾ?" ಗಂಗಹನುಮಯ್ಯ ಗಾಬರಿಯಾದರು.

"ಇಲ್ಲ ಅಣ್ಣ, ಸರಿಯಾಗೈತೆ. ಇದು ಹಿಂಗೇ ನಿಲ್ಬೇಕು."

ಮತ್ತೆ ಸ್ವಿಚ್ಚು ಎತ್ತಿದೊಡನೆ ಗ್ರೈಂಡರ್ ತಿರುಗಿತು. ಮಂಜುಶ್ರೀ ನೆನೆಸಿಟ್ಟಿದ್ದ ಉದ್ದಿನಬೇಳೆಯನ್ನು ಅಲ್ಲೇ ಸುರಿದಳು. ಎಲ್ಲರೂ ಬೇಳೆ ನುಣ್ಣಗಾಗುವುದನ್ನೇ ನೋಡುತ್ತಿರುವಾಗ ವನಜಾ ಮೀಟರಿನ ಪಕ್ಕದ ಬೋರ್ಡಿನ ಬಾಗಿಲು ತೆರೆದು, ಒಳಗಡೆ ಮಾರ್ಕರಿನಿಂದ ತನ್ನ ಹೆಸರು, ಫೋನ್ ನಂಬರು ಬರೆದಳು. ಸ್ವಲ್ಪ ತಡೆದು, ಹೆಸರಿನ ಮುಂದೆ 'ಎಲೆಕ್ಟ್ರಿಷಿಯನ್' ಎಂದೂ ಸೇರಿಸಿದಳು.